ಕಣದಲ್ಲಿ ಪಿಟೀಲು, ಮರೆಯಲ್ಲಿ ಮುದ್ದೆ

ನನಗೆ ಸಂಗೀತ ಬರುವುದಿಲ್ಲ. ದೊಡ್ಡ ಹಾಡುಗಾರರು ವಿನಯಕ್ಕೆ ಹೇಳುವ ಮಾತಲ್ಲ ಇದು, ನಿಜವಾಗಿಯೂ ಬರುವುದಿಲ್ಲ. ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರೊಬ್ಬರು ಸಾಲಿನ ಉದ್ದಕ್ಕೂ ಕಿವಿಗೊಟ್ಟು ನಡೆದು ಬಂದು, ನನ್ನ ಮುಂದೆ ನಿಂತು, "ನೀನು ಬಾಯಿ ಆಡಿಸು, ಸಾಕು" ಎಂದಿದ್ದರು. ಅಂಥ ನಾನು ಒಂದು ಸಂಗೀತೋತ್ಸವದ ಸೆಕ್ರೆಟರಿಯಾಗಿದ್ದೆ. ಇದನ್ನು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇನಿಲ್ಲ. ನಾಚಿಕೆಯಾಗುವುದು ಆ ಉತ್ಸವದಲ್ಲಿ ನನ್ನ ಹೆಂಡತಿಗೆ ನಾನು ಮಾಡಲು ಹೊರಟಿದ್ದ ಅನ್ಯಾಯ ನೆನೆದಾಗ. ಅದನ್ನು ಹೇಳಿಬಿಡಬೇಕು ಎಂದೇ ಕೂತಿದ್ದೇನೆ. ಆದರೆ ಅಭ್ಯಾಸಬಲ ನೋಡಿ, ಮೊದಲು ಚಪ್ಪರ ಹಾಕದೆ ನನಗೆ ಯಾವ ಕೆಲಸವೂ ಶುರುವಾಗುವುದಿಲ್ಲ.

ಯಾವುದಾದರೂ ಮದುವೆ ಮನೆಗೆ ಹೋಗಿ ನೋಡಿ. ಕೂರುವವರು ಕೂತಿರುತ್ತಾರೆ, ಓಡಾಡುವವರು ಓಡಾಡುತ್ತಿರುತ್ತಾರೆ. ಓಡಾಡುವವನ ಹೆಗಲ ಮೇಲೊಂದು ಟವೆಲು ಇರುತ್ತದೆ, ಮುಖದಲ್ಲಿ ತಾನಿಲ್ಲದಿದ್ದರೆ ಈ ಗಂಡು ಈ ಹೆಣ್ಣು ಇಬ್ಬರೂ ಮದುವೆಯಿಲ್ಲದೆಯೇ ಉಳಿದುಬಿಡುತ್ತಿದ್ದರು ಎಂಬ ಕಳೆ ಇರುತ್ತದೆ. ನಾನು ಆ ಜಾತಿಯವನು. ನನ್ನ ಸ್ವಂತ ತಂಗಿಯ ಧಾರೆಯನ್ನೇ ನಾನು ನೋಡಿಲ್ಲ. ಆ ಹೊತ್ತಿನಲ್ಲಿ ಹಂಡೆಗೆ ನೀರು ತುಂಬಿಸುತ್ತಿದ್ದೆ. ಹಂಡೆ ಆಗಲೇ ತುಂಬಿತ್ತು. ಇನ್ನೊಂದು ಸಲ ನೋಡೋಣವೆಂದು ಹೋಗಿದ್ದೆ. ನನ್ನಂಥವರಿಗೆ ಹಬ್ಬವೆಂದರೆ ಹಬ್ಬದ ಹಿಂದಿನ ದಿನ. ಹಬ್ಬದ ದಿನ ಬೆಳಗಾದರೆ ಒಂದು ಬಗೆಯ ಬೇಸರ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮಳವಳ್ಳಿಯ ಶ್ರೀಕಂಠಯ್ಯ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತು, "ಶಿವಣ್ಣ, ಒಳ್ಳೆ ಸಂಗೀತ ಕೇಳಬೇಕಾದರೆ ನಾವು ಯಾವಾಗಲೂ ಮೈಸೂರಿಗೇ ಹೋಗಬೇಕೇನಪ್ಪ? ನಿಮ್ಮೂರ ಕಣ ಹೇಗೂ ಖಾಲಿ ಬಿದ್ದಿದೆ" ಎಂದರು. ನಮ್ಮೂರು ಬೆಳಕವಾಡಿ ದಾರಿಯಲ್ಲಿದೆ. ಸುಗ್ಗಿ ಮುಗಿದ ಮೇಲೆ ಕಣಕ್ಕೆ ಕೆಲಸವಿಲ್ಲ, ನಾಲೆಯಲ್ಲಿ ನೀರು ನಿಲ್ಲಿಸಿದ್ದರಿಂದ ನಮಗೂ ಅಷ್ಟಕ್ಕಷ್ಟೆ. ಮೇಷ್ಟ್ರಿಗೆ ಸಂಗೀತದ ಹುಚ್ಚು, ನನಗೆ ಓಡಾಟದ ಹುಚ್ಚು. ಎರಡು ಹುಚ್ಚು ಸೇರಿದರೆ ಒಂದು ಕಮಿಟಿಯಾಗುತ್ತದೆ. ನನ್ನ ಸ್ನೇಹಿತ ಬೋರೇಗೌಡನನ್ನು ಸೇರಿಸಿಕೊಂಡೆವು, ಏಕೆಂದರೆ ಅವನಿಗೆ ತೆಂಗಿನ ತೋಟವಿತ್ತು, ಚಪ್ಪರಕ್ಕೆ ಗರಿ ಬೇಕಿತ್ತು. ಗುಡಿಯ ಹಂಗಿಲ್ಲ, ಸಂಘದ ಹಂಗಿಲ್ಲ, ಸರ್ಕಾರದ್ದಂತೂ ಇಲ್ಲವೇ ಇಲ್ಲ. ಎರಡು ಸಂಜೆ, ಮೊದಲನೆಯದು ಸುತ್ತಲ ಊರುಗಳ ಭಜನೆಯವರಿಗೆ, ತಂಬೂರಿ ಪದದವರಿಗೆ. ಎರಡನೆಯದು ಮೇಷ್ಟ್ರ ಪರಿಚಯದ ಬೆಂಗಳೂರಿನ ಪಿಟೀಲು ವಿದ್ವಾಂಸರಿಗೆ.

ಮಂಡ್ಯಕ್ಕೆ ಹೋಗಿ ಕರಪತ್ರ ಅಚ್ಚು ಹಾಕಿಸಿಕೊಂಡು ಬಂದೆ. ಪ್ರೆಸ್ಸಿನವರು ಮೇಲುಗಡೆ ಯಾವ ದೇವರ ಬ್ಲಾಕು ಹಾಕಲಿ ಎಂದು ಕೇಳಿದಾಗಲೇ ನಮ್ಮ ಉತ್ಸವಕ್ಕೆ ಏನೋ ಕಡಿಮೆಯಿದೆ ಎಂದು ನನಗೆ ಅನ್ನಿಸಬೇಕಾಗಿತ್ತು. ಅದು ಖಚಿತವಾದದ್ದು ಊರ ಅರಳಿಕಟ್ಟೆಯ ಮೇಲೆ. ಅಲ್ಲಿ ಕೂತಿದ್ದ ಕೆಂಪಜ್ಜನ ಕೈಗೊಂದು ಕರಪತ್ರ ಕೊಟ್ಟೆ. ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾವ್ ದ್ಯಾವ್ರುದ್ಲಾ ಇದು?" ಎಂದ.

"ಯಾವ ದೇವ್ರುದ್ದೂ ಅಲ್ಲ ಕಣಜ್ಜ. ಸುಮ್ನೆ ಸಂಗೀತ."

"ಅಂಗಾರೆ ಯಾವ್ ಪಾರ್ಟಿದು? ಎಲೆಕ್ಸನ್ನು ಮುಗೀತಲ್ಲ."

"ಪಾರ್ಟಿದೂ ಅಲ್ಲ."

"ಯಾರ್ದಾರ ಮದ್ವೆನಾ?"

"ಅಲ್ಲಜ್ಜ."

"ದ್ಯಾವ್ರಿಲ್ಲ, ಓಟಿಲ್ಲ, ಮದ್ವೆ ಇಲ್ಲ. ಮತ್ಯಾಕ್ಲಾ ಬಂದು ಕೂತ್ಕಬೇಕು ಜನ?"

ಸೌಂದರ್ಯದ ಪ್ರಯೋಜನವೇನು ಎಂಬುದರ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ಪುಸ್ತಕ ಬರೆದಿದ್ದಾರಂತೆ. ಕೆಂಪಜ್ಜ ಅದನ್ನೇ ಬೀಡಿ ಹಚ್ಚುವುದರೊಳಗೆ ಕೇಳಿಬಿಟ್ಟ. ನಾನು ಗಾಬರಿಯಲ್ಲಿ, "ಊಟ ಇದೆ ಅಜ್ಜ" ಎಂದುಬಿಟ್ಟೆ.

"ಅಂಗನ್ನು ಮತ್ತೆ. ಬತ್ತೀನಿ ಬುಡು."

ಹೀಗೆ ನಮ್ಮ ಸಂಗೀತೋತ್ಸವಕ್ಕೆ ಊಟ ಸೇರಿಕೊಂಡಿತು. ಪಿಟೀಲಿನ ಸಂಜೆ ಗಾಡಿ ಕಟ್ಟಿಕೊಂಡು ದೂರದಿಂದ ಬರುವವರಿರುತ್ತಾರೆ, ಆವತ್ತು ಊಟ ಹಾಕುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಸುಲಭದ ದಾರಿ ಹೇಳಿದರು: ಬೆಳಗ್ಗೆಯೇ ಚಿತ್ರಾನ್ನ ಕಲೆಸಿಟ್ಟುಬಿಡೋಣ. ಬೋರೇಗೌಡನಿಗೆ ಅದು ಸರಿಬರಲಿಲ್ಲ. "ಮೇಷ್ಟ್ರೇ, ತಣ್ಣಗಿರೋ ಅನ್ನ ಇಕ್ಕಿ ಕಳ್ಸುದ್ರೆ ನಾಳಿಕ್ಕೆ ಸಂತೇಲಿ ತಲೆ ಎತ್ಕಂಡು ತಿರ್ಗಾಡಕ್ಕಾಯ್ತದಾ?" ಎಂದ. ನಾನೂ ಅವನ ಕಡೆಗೇ ವಾಲಿದೆ. ಬಿಸಿ ರಾಗಿ ಮುದ್ದೆ, ಜೊತೆಗೆ ಕಾಳು ಸೊಪ್ಪು ಬೇಯಿಸಿ ಬಸಿದ ಉಪ್ಪೆಸರು ಎಂದು ನಿಶ್ಚಯವಾಯಿತು. ಮುದ್ದೆಗೆ ನಮ್ಮ ಕಡೆ ಹಿಟ್ಟು ಎಂದೇ ಹೆಸರು. ಹಿಟ್ಟಿನ ಗುಣ ನಿಮಗೆ ಗೊತ್ತಲ್ಲ, ಅದನ್ನು ಮಾಡಿಟ್ಟುಕೊಂಡು ಕಾಯುವ ಹಾಗಿಲ್ಲ. ಜನ ಸಂಗೀತ ಕೇಳಿ ಎದ್ದು ಸಾಲಾಗಿ ಕೂರುವ ಹೊತ್ತಿಗೆ ಒಲೆಯಿಂದ ಇಳಿದಿರಬೇಕು. ಅಂದರೆ ಪಿಟೀಲು ನುಡಿಯುವ ಹೊತ್ತಿಗೆ ಸರಿಯಾಗಿ ಯಾರೋ ಒಲೆಯ ಮುಂದೆ ಹಿಟ್ಟು ತಿರುವಿ ತೊಳಸುವ ಕೋಲು ಹಿಡಿದು ನಿಂತಿರಬೇಕು. ಆ ಯಾರೋ ಯಾರು ಎಂದು ನಾವು ಗಂಡಸರು ಮೂವರೂ ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸಬೇಕಾದ ವಿಷಯವೇ ಅಲ್ಲವೆನ್ನುವಷ್ಟು ಸಲೀಸಾಗಿ ಅದು ತೀರ್ಮಾನವಾಗಿಬಿಟ್ಟಿತ್ತು.

ನನ್ನ ಹೆಂಡತಿ ಜಯಮ್ಮನ ತಂದೆ ನಾಟಕದ ಮೇಷ್ಟ್ರು. ಊರೂರಿಗೆ ಹೋಗಿ, ಹಾರ್ಮೋನಿಯಂ ಹಿಡಿದು, ಗೌಡರ ಮಕ್ಕಳಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದವರು. ಅವಳು ಜೋಗುಳದ ಬದಲು ಮಟ್ಟು ಕೇಳಿ ಮಲಗಿದವಳು. ರೇಡಿಯೋದಲ್ಲಿ ಪಿಟೀಲು ಬಂದರೆ ರುಬ್ಬುವ ಗುಂಡು ನಿಂತುಬಿಡುತ್ತಿತ್ತು. ಆದರೆ ಪಿಟೀಲು ನುಡಿಸುವುದನ್ನು ಕಣ್ಣಾರೆ ಕಂಡವಳಲ್ಲ. ಉತ್ಸವದ ಸುದ್ದಿ ತಿಳಿದ ದಿನ ತಟ್ಟೆ ಮುಂದಿಟ್ಟು, "ನಾನು ಯಾವತ್ತಾರ ಏನಾರ ಕೇಳಿದ್ನಾ?" ಎಂದು ಶುರುಮಾಡಿದಳು. ಒಡವೆಯ ಮಾತೇ ಇರಬೇಕೆಂದು ನಾನು ಹೆದರಿದೆ. "ಆ ಪಿಟೀಲ್ನೋರು ಬಾರ್ಸುವಾಗ ಮುಂದ್ಗಡೆ ನಂಗೊಂದು ಜಾಗ ಮಡುಗ್ಸಿ. ಅವ್ರ ಕೈ ಎಂಗಾಡ್ತದೆ ಅಂತ ನೋಡ್ಬೇಕು" ಎಂದಳು.

"ಅದಕ್ಕೇನು, ಸೆಕ್ರೆಟರಿ ಹೆಂಡ್ತಿ ಕಣೆ ನೀನು" ಎಂದೆ.

ಆಮೇಲೆ ಮುದ್ದೆಯ ತೀರ್ಮಾನವನ್ನು ಅವಳಿಗೆ ಹೇಳಿದವನೂ ನಾನೇ. "ಒಲೆ ಹತ್ರ ನೀನಿದ್ರೆ ನಂಗೆ ಧೈರ್ಯ" ಎಂದು ಹೊಗಳಿಕೆಯ ದನಿಯಲ್ಲೇ ಹೇಳಿದೆ. ಅವಳು, "ಆಯ್ತು" ಎಂದು ರಾಗಿ ಕೇರಲು ಮೊರ ಎತ್ತಿಕೊಂಡಳು. ನಮ್ಮ ಮನೆಗಳಲ್ಲಿ ಹೆಂಗಸರು ಹೇಳುವ "ಆಯ್ತು" ಎಂಬುದು ಬಹಳ ಆಳವಾದ ಬಾವಿ. ಬಗ್ಗಿ ನೋಡುವವರು ಕಡಿಮೆ. ನಾನಂತೂ ಆ ಹೊತ್ತಿಗೆ ರೋಣಗಲ್ಲು ತರಿಸಲು ಓಡುತ್ತಿದ್ದೆ.

ಆಹಾ, ಆ ತಯಾರಿಯ ದಿನಗಳು! ಬಿರುಕು ಬಿಟ್ಟಿದ್ದ ಕಣಕ್ಕೆ ನೀರು ಹೊಯ್ದು, ಹುಲ್ಲು ತುಳಿಸುವ ರೋಣಗಲ್ಲನ್ನು ಉರುಳಿಸಿ ಗಟ್ಟಿಮಾಡಿ, ಸಗಣಿ ಬಗ್ಗಡದಿಂದ ಸಾರಿಸಿದೆವು. ಒಣಗಿದ ಮೇಲೆ ಅದು ಅರಮನೆಯ ನೆಲದಂತೆ ಕಂಡಿತು, ನನ್ನ ಕಣ್ಣಿಗಾದರೂ. ಒಂದು ಕಡೆ ಮಣ್ಣು ಏರಿಸಿ ಜಗಲಿಯಂಥ ವೇದಿಕೆ ಮಾಡಿದೆವು. ಕರೆಂಟನ್ನು ನಂಬುವ ಹಾಗಿಲ್ಲವೆಂದು ಮಳವಳ್ಳಿಯಿಂದ ಗ್ಯಾಸ್‌ಲೈಟು ತರಿಸಿದೆ. ವೇದಿಕೆಯ ಹಿಂದೆಯೇ ಒಲೆಗಳು. ಹೊಗೆ, ಪಾತ್ರೆ, ಹೆಂಗಸರು ವಿದ್ವಾಂಸರ ಬೆನ್ನ ಹಿಂದೆ ಕಾಣಿಸುವುದು ಶೋಭೆಯಲ್ಲವೆಂದು ನಡುವೆ ಒಂದು ಮರೆ ಕಟ್ಟಿಸಿದೆ. ಬೋರೇಗೌಡನ ತೆಂಗಿನ ಗರಿಯೆಲ್ಲ ಚಪ್ಪರಕ್ಕೆ ಮುಗಿದಿತ್ತು. ಪಕ್ಕದ ಗದ್ದೆಯಲ್ಲಿ ಆ ವಾರವೇ ಕಬ್ಬು ಕಡಿದಿದ್ದರು, ತುದಿಯ ಹಸಿರು ಸೋಗೆ ರಾಶಿ ಬಿದ್ದಿತ್ತು. ಅದನ್ನೇ ಹೊರೆಹೊರೆಯಾಗಿ ತಂದು, ಗಳಕ್ಕೆ ಒತ್ತಾಗಿ ಕಟ್ಟಿದೆವು. ಗೋಡೆಯ ಹಾಗೆ ನಿಂತಿತು. "ಸೂಜಿ ತೂರ್ಸು ನೋಡನ, ತೂರಾಕಿಲ್ಲ" ಎಂದು ಬೋರೇಗೌಡ ಎದೆಯುಬ್ಬಿಸಿದ. ಹೆಂಡತಿಗೂ ಪಿಟೀಲಿಗೂ ನಡುವೆ ನಾನೇ ನಿಂತು ಗೋಡೆ ಕಟ್ಟಿಸುತ್ತಿದ್ದೇನೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಎರಡನೆಯ ದಿನ ವಿದ್ವಾಂಸರನ್ನು ಮದ್ದೂರು ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿಸಿದೆ. ಪಿಟೀಲಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕೆಂದು ಕಂಡಕ್ಟರು, ಹಾಕುವುದಿಲ್ಲವೆಂದು ಅವರು. ಕೊನೆಗೆ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಂದರು. ಊರು ತಲುಪಿದಾಗ ಕಣದ ಅಂಚಿನಲ್ಲಿ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟರು. ಕಾಳು ಬೀಳುವ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದೆಂಬುದು ಬೆಂಗಳೂರಿನವರಿಗೂ ಗೊತ್ತಲ್ಲ ಎಂದು ಜನರಿಗೆ ಅವರ ಮೇಲೆ ಅಲ್ಲೇ ಗೌರವ ಹುಟ್ಟಿತು.

ಸಂಜೆಯಾಯಿತು. ಗಾಡಿಗಳು ಬಂದವು. ಕೆಂಪಜ್ಜ ಮುಂದಿನ ಸಾಲಿನಲ್ಲೇ ಕೂತ. ವಿದ್ವಾಂಸರು ಶ್ರುತಿ ಮಾಡತೊಡಗಿದರು. ಪಿಟೀಲಿನ ಕಿವಿ ತಿರುಗಿಸುವುದು, ಮೀಟುವುದು, ತಲೆಯಾಡಿಸುವುದು, ಮತ್ತೆ ತಿರುಗಿಸುವುದು. ಜನ ಅದನ್ನೇ ಸಂಗೀತವೆಂದು ತಿಳಿದು ಗಂಭೀರವಾಗಿ ಕೇಳಿದರು. ನನಗೆ ಮಾತ್ರ ಅವರ ಮೇಲೆ ಭಾರಿ ಪ್ರೀತಿ ಬಂತು: ಇವರೂ ನಮ್ಮ ಜಾತಿಯವರೇ, ಶುರುವಿಗಿಂತ ತಯಾರಿ ದೊಡ್ಡದು! ಅವರು ನುಡಿಸಲು ತೊಡಗಿದ ಕೂಡಲೆ ನಾನು ಎದ್ದೆ. ಗ್ಯಾಸ್‌ಲೈಟಿಗೆ ಗಾಳಿ ಹೊಡೆದೆ. ಮೈಕಿನವನಿಗೆ ಏನೋ ಹೇಳಿದೆ, ಅವನು ಏನೂ ಮಾಡಲಿಲ್ಲ, ಸರಿಹೋಯಿತು ಎಂದು ಇಬ್ಬರೂ ತಲೆಯಾಡಿಸಿದೆವು.

ಅಷ್ಟರಲ್ಲಿ ಜನರ ನಡುವೆ ಒಂದು ನಗೆ ಹಬ್ಬಿತು. ತಿರುಗಿ ನೋಡುತ್ತೇನೆ, ವಿದ್ವಾಂಸರ ಹೆಗಲ ಹಿಂದೆ ಹಸಿರು ಗೋಡೆಯನ್ನು ಸೀಳಿಕೊಂಡು ಒಂದು ಎತ್ತಿನ ಮುಖ! ಬಾಯಿ ತುಂಬ ಸೋಗೆ. ಬೇಸಿಗೆಯಲ್ಲಿ ಒಣಹುಲ್ಲು ಅಗಿದಗಿದು ಬೇಸತ್ತಿದ್ದ ಪ್ರಾಣಿಗಳ ಮೂಗಿನ ಮುಂದೆ ಎಳೆ ಸೋಗೆಯ ಗೋಡೆ ಕಟ್ಟಿದ್ದೆವಲ್ಲ, ಬೇಸಾಯ ಮಾಡುವ ನಮಗೆ ಅಷ್ಟೂ ಹೊಳೆದಿರಲಿಲ್ಲ. ಅದೂ ಬೇರೆ ಯಾರದೋ ಎತ್ತಲ್ಲ, ಬೋರೇಗೌಡನದೇ ಜೋಡಿಯಲ್ಲೊಂದು. ವಿದ್ವಾಂಸರು ಒಮ್ಮೆ ಹಿಂದೆ ನೋಡಿ, ಪಕ್ಕವಾದ್ಯದವರಿಗೆ ಮಾಡುವಂತೆ ತಲೆಬಾಗಿ, ಕಮಾನು ನಿಲ್ಲಿಸದೆ ಮುಂದುವರಿದರು.

ಜೊತೆಗೇ ಸೀದ ವಾಸನೆ ಬಂತು. ಹಿಂದಕ್ಕೆ ಓಡಿದೆ. ಎಸರು ಕುದಿದು ಉಕ್ಕುತ್ತಿದೆ, ಒಂದು ಪಾತ್ರೆ ತಳ ಹಿಡಿದಿದೆ. ಜಯಮ್ಮ ಮುದ್ದೆಕೋಲು ಹಿಡಿದುಕೊಂಡೇ, ಎತ್ತಿನ ಬೆನ್ನಿಗೆ ಒರಗಿ, ಅದು ಮೇದು ಮಾಡಿಕೊಟ್ಟ ಕಿಂಡಿಯಲ್ಲಿ ನೋಡುತ್ತ ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಬೋರೇಗೌಡನ ಹೆಂಡತಿ ಸಣ್ಣಮ್ಮ.

"ಹಿಟ್ಟು ಸೀದೋಗ್ತಾ ಇದೆ ಕಣೆ!" ಎಂದೆ.

"ವಸಿ ಸುಮ್ಕಿರಿ" ಎಂದಳು, ತಿರುಗದೆ.

ನಾನೂ ಅವಳ ತಲೆಯ ಮೇಲಿಂದ ಬಗ್ಗಿ ನೋಡಿದೆ. ಕಂಡದ್ದು ವಿದ್ವಾಂಸರ ಬೆನ್ನು, ಜುಬ್ಬದ ಬೆವರು, ಅಷ್ಟೆ.

"ಕೈ ಕಾಣಾಕಿಲ್ಲ" ಎಂದಳು. ದೂರಿದ ಹಾಗಿರಲಿಲ್ಲ. ಇಷ್ಟಾದರೂ ಸಿಕ್ಕಿತಲ್ಲ ಎನ್ನುವ ಹಾಗಿತ್ತು. ಬೈದಿದ್ದರೆ ನಾನು ತಿರುಗಿ ಬೈದು ಮುಗಿಸಿಬಿಡುತ್ತಿದ್ದೆ. ಆ ಮಾತಿಗೆ ಏನು ಮಾಡಲಿ? ಕೋಲಿಗೆ ಕೈ ಹಾಕಿದೆ.

"ಹೋಗು. ಮುಂದಕ್ಕೆ ಹೋಗಿ ಕೂತ್ಕೊ."

"ಇಟ್ಟು?"

"ನಾನು ತೊಳಸ್ತೀನಿ."

"ನೀವಾ?" ಎಂದು ನನ್ನನ್ನೊಮ್ಮೆ ಎತ್ತನ್ನೊಮ್ಮೆ ನೋಡಿದಳು. ಇಬ್ಬರಲ್ಲಿ ಯಾರಿಗೆ ಕೋಲು ಕೊಡುವುದು ವಾಸಿ ಎಂದು ಅಳೆದಂತಿತ್ತು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟಳು. ಎತ್ತು ಹಿಡಿಯಲು ಓಡಿಬಂದ ಬೋರೇಗೌಡನ ಕೈಗೆ ಸಣ್ಣಮ್ಮ ಇನ್ನೊಂದು ಕೋಲು ತುರುಕಿ, "ನಿನ್ನೆತ್ತು ಮಾಡಿರೋ ಕೆಲ್ಸಕ್ಕೆ ನೀನೇ ತೊಳ್ಸು" ಎಂದು ಅವಳ ಹಿಂದೆಯೇ ಹೋದಳು.

ಹಿಟ್ಟು ತೊಳಸುವವನು ಓಡಾಡುವ ಹಾಗಿಲ್ಲ. ಕಾಲಲ್ಲಿ ಕವೆಗೋಲು ಮೆಟ್ಟಿ ಪಾತ್ರೆ ಅಲುಗದಂತೆ ಹಿಡಿಯಬೇಕು, ಎರಡು ಕೈಯಲ್ಲೂ ಕೋಲು ತಿರುವಬೇಕು. ಗೂಟಕ್ಕೆ ಕಟ್ಟಿದಂತೆ. ಬದುಕಿನಲ್ಲಿ ಮೊದಲ ಸಲ ನಾನು ಒಂದು ಸಮಾರಂಭದಲ್ಲಿ ಒಂದೇ ಕಡೆ ನಿಂತಿದ್ದೆ. ಆಗ ಕೇಳಿಸಿತು. ನಾಲೆಗೆ ನೀರು ಬಿಟ್ಟಾಗ ಒಣಗಿದ ಕಾಲುವೆಯಲ್ಲಿ ನೀರು ಮೊದಲು ಮೆಲ್ಲಗೆ, ನೆಲ ಮೂಸಿ ನೋಡುತ್ತ ಬರುತ್ತದಲ್ಲ, ಹಾಗೆ. ಬಿರುಕು ಸಿಕ್ಕಲ್ಲಿ ನಿಂತು, ತುಂಬಿ, ಮತ್ತೆ ಮುಂದಕ್ಕೆ. ಅದು ಯಾವ ರಾಗವೋ ಗೊತ್ತಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ!

"ಲೇ ಸಿವಣ್ಣ, ಕೈ ನಿಂತೋಗದಲ್ಲೋ" ಎಂದ ಬೋರೇಗೌಡ.

"ನಿಂದು?"

"ನಂದೂ ನಿಂತದೆ ಕಣ್ಲಾ."

ಹಿಟ್ಟು ಗಂಟುಗಂಟಾಯಿತು. ಮೇಷ್ಟ್ರ ಮನೆಯಿಂದ ಬಂದ ಊಟ ಬಿಟ್ಟು ವಿದ್ವಾಂಸರೂ ನಮ್ಮ ಸಾಲಿನಲ್ಲೇ ಕೂತರು, ಗಂಟುಗಳನ್ನು ಸಭ್ಯತೆಯಿಂದ ಎಲೆಯಂಚಿಗೆ ಸರಿಸಿ ಉಪ್ಪೆಸರನ್ನು ಹೊಗಳಿದರು. ಕೆಂಪಜ್ಜ ಸಭ್ಯತೆಯ ಗೊಡವೆಗೆ ಹೋಗಲಿಲ್ಲ. "ಊಟಕ್ಕೇಂತ ಬಂದೆ ಕಣ್ಲಾ. ಇಟ್ಟು ಕೆಟ್ಟೋಗದೆ. ಆ ಪಿಟೀಲಿಲ್ದೆ ಓಗಿದ್ರೆ ಇವತ್ತು ನಿನ್ನ ಬುಡ್ತಿರ್ನಿಲ್ಲ" ಎಂದು ಕೈ ತೊಳೆದ.

ಗಾಡಿಗಳು ಹೊರಟ ಮೇಲೆ ಜಯಮ್ಮ ಕೊನೆಯ ಪಂಕ್ತಿಯಲ್ಲಿ ಕೂತಳು. ನಾನೇ ಬಡಿಸಿದೆ. ಮುದ್ದೆ ಮುರಿದು, ಗಂಟು ನೋಡಿ, ಸಾರಿನಲ್ಲಿ ಅದ್ದಿ ನುಂಗಿದಳು. ಎಡಗೈ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ತಂತಿ ಒತ್ತುವ ಹಾಗೆ ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಕ್ಷಮಿಸು ಎನ್ನಬೇಕೆಂದಿದ್ದೆ, ನಮ್ಮ ಕಡೆ ಗಂಡಂದಿರ ಬಾಯಲ್ಲಿ ಆ ಮಾತು ತಿರುಗುವುದಿಲ್ಲ. "ಇನ್ನೊಂಚೂರು ಸಾರು ಬಿಡ್ಲಾ?" ಎಂದೆ.

ಅವಳು ತಲೆಯೆತ್ತಿ, "ನೀವೂ ಕೇಳುದ್ರಾ?" ಎಂದಳು.

"ಕೇಳ್ದೆ."

"ಅಂಗಾರೆ ಬರೋ ವರ್ಸಾನೂ ಇಟ್ಟೇ ಮಾಡ್ಸಿ."

ಮರುವರ್ಷವೂ ಹಿಟ್ಟೇ ಆಯಿತು, ಅದರ ಮರುವರ್ಷವೂ. ಕೋಲು ಮೊದಲಿನಿಂದಲೇ ನನ್ನ ಕೈಯಲ್ಲಿತ್ತು, ವೇದಿಕೆಯ ಹಿಂದೆ ಮರೆ ಇರಲಿಲ್ಲ. ಗಂಟಿಲ್ಲದ ಹಿಟ್ಟು ತೊಳಸುವುದನ್ನು ಕಲಿಯಲು ನನಗೆ ಕೆಲವು ಬೇಸಿಗೆಗಳೇ ಹಿಡಿದವು. ರಾಗಗಳ ಹೆಸರು ಇವತ್ತಿಗೂ ಬರುವುದಿಲ್ಲ. ಯಾವಾಗ ಕೈ ನಿಲ್ಲಿಸಬೇಕು ಎಂಬುದು ಮಾತ್ರ ಗೊತ್ತಾಗುತ್ತದೆ.