ಹಿತ್ತಾಳೆ ಹಣಿಗೆಯ ಪೂಜೆ

ನಾನು ಮಾನ್ವಿಯವನು. ಕೆಲಸ ಮಾತ್ರ ರಾಯಚೂರಿನಲ್ಲಿ, ಸ್ಟೇಷನ್ ಕಡೆಯ ಒಂದು ಹತ್ತಿ ಗಿರಣಿಯಲ್ಲಿ, ಕರೆಂಟಿನ ಮಿಸ್ತ್ರಿ. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ಗಂಟೆ, ತಂತಿ, ಬ್ಯಾಟರಿ ಏನೇ ಕೆಟ್ಟರೂ ಸುತ್ತಿನ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಉರ್ದು ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷನ್ನು ತಡವರಿಸುತ್ತ ಓದುತ್ತಿದ್ದೆ. ನನ್ನ ತಲೆ ತಿರುಗಲು ಅಷ್ಟು ಸಾಕಾಗಿತ್ತು.

ಗಿರಣಿಗೆ ಇದ್ದ ದೊಡ್ಡ ಭಯ ಬೆಂಕಿಯದು. ಬಂಡಿಗಳಲ್ಲಿ ಬರುವ ಹತ್ತಿಯೊಳಗೆ ಬಂಡಿಯ ಮೊಳೆ, ಎತ್ತಿನ ಲಾಳದ ಚೂರು ಸೇರಿರುತ್ತಿದ್ದವು. ಒಂದು ಚೂರು ಯಂತ್ರಕ್ಕೆ ಸಿಕ್ಕು ಕಿಡಿ ಹಾರಿದರೆ ಮುಗಿಯಿತು. ಹಾಗಾಗಬಾರದೆಂದು ಹತ್ತಾರು ಹೆಂಗಸರು ಹಲಗೆಯ ಮೇಲೆ ಹತ್ತಿ ಹರವಿ, ಕೈಯಾಡಿಸಿ ಕಬ್ಬಿಣ ಹೆಕ್ಕುತ್ತಿದ್ದರು. ಅವರಲ್ಲೊಬ್ಬಳು ದೇವದುರ್ಗದ ಕಡೆಯಿಂದ ಕೂಲಿಗೆ ಬಂದವಳು. ನನಗಿಂತ ಐದಾರು ವರ್ಷ ದೊಡ್ಡವಳು, ಗಂಡ ತೀರಿಹೋಗಿದ್ದ. ನಾನು ಅವಳಿಗೆ ಯಕ್ಕಾ ಅನ್ನುತ್ತಿದ್ದೆ, ಅವಳು ನನಗೆ ಮಿಸ್ತ್ರಿ ಅನ್ನುತ್ತಿದ್ದಳು.

ಒಂದು ದಿನ ನಾನು ಗಿರಣಿಯ ಗಂಟೆ ರಿಪೇರಿ ಮಾಡುತ್ತಿದ್ದೆ. ಬಿಚ್ಚಿದ ಎರಡು ತಂತಿಗಳಿಗೆ ಇಕ್ಕಳ ತಾಗಿ ಗಂಟೆ ಬಾರಿಸಿತು. ಅವಳು ಕೈಯಲ್ಲಿದ್ದ ಹತ್ತಿ ಬಿಟ್ಟು ನೋಡಿದಳು.

"ಮಿಸ್ತ್ರಿ, ಇಕ್ಕಳ ಮುಟ್ಟಿದ್ರ ಗಂಟಿ ಬಾರಸ್ತದ. ಮೊಳಿ ಮುಟ್ಟಿದ್ರ ಯಾಕ ಬಾರಸಬಾರ್ದು?"

"ಮೊಳಿ ತಾನಾಗಿ ಬಂದು ಮುಟ್ಟತದೇನ ಯಕ್ಕಾ?" ಎಂದು ನಕ್ಕೆ.

"ಬರೋ ದಾರ್‍ಯಾಗ ತಂತಿ ಹಾಸ್ರಿ. ಹಣಿಗಿ ಹಲ್ಲ ಇದ್ದಂಗ."

ನಾನು ನಗುವುದನ್ನು ನಿಲ್ಲಿಸಿದೆ. ಅವಳು ಹೇಳಿದ್ದರಲ್ಲಿ ಎಲ್ಲವೂ ಇತ್ತು. ಹತ್ತಿ ಜಾರುವ ಹಲಗೆಯ ಮೇಲೆ ಹಿತ್ತಾಳೆಯ ಪಟ್ಟಿಗಳನ್ನು ಹಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಕೂರಿಸುವುದು, ಒಂದು ಬಿಟ್ಟು ಒಂದಕ್ಕೆ ಬ್ಯಾಟರಿಯ ಒಂದೊಂದು ತುದಿ ಕೊಡುವುದು. ಹತ್ತಿ ಸುಮ್ಮನೆ ಜಾರಿಹೋಗುತ್ತದೆ. ಕಬ್ಬಿಣದ ಚೂರು ಬಂದರೆ ಎರಡು ಪಟ್ಟಿಗಳನ್ನು ಕೂಡಿಸಿ ಗಂಟೆ ಬಾರಿಸುತ್ತದೆ.

ಬೇಸಿಗೆಯಿಡೀ ಅದರಲ್ಲೇ ಕಳೆದೆವು. ಗಿರಣಿ ನಿಂತಿದ್ದರೂ ಉಳಿದ ಹತ್ತಿ ಹೆಕ್ಕುವ ಕೆಲಸಕ್ಕೆ ಅವಳು ಬರುತ್ತಿದ್ದಳು. ಅದು ಮುಗಿದ ಮೇಲೆ ನನ್ನ ಕೋಣೆಗೆ ಬಂದು ಕೂರುತ್ತಿದ್ದಳು. ಮೊದಲ ಸಲ ಮೊಳೆ ಸರ್ರನೆ ಜಾರಿ, ಗಂಟೆ ಒಮ್ಮೆ ಟಿಣ್ ಎಂದು ಸುಮ್ಮನಾಯಿತು. ನಾನು ಕುಣಿದಾಡಿದೆ. ಅವಳು ತಲೆ ಅಲ್ಲಾಡಿಸಿದಳು.

"ಯಂತ್ರದ ಸಪ್ಪಳದಾಗ ಇದು ಯಾರಿಗಿ ಕೇಳ್ತದ? ಒಮ್ಮಿ ಬಾಯಿ ತೆಗೆದ್ರ, ನಾವು ಸುಮ್ಮನಿರು ಅನ್ನೋತನಕ ಒದರಬೇಕು."

ಹಳೆಯ ಟೆಲಿಫೋನಿನ ಸಾಮಾನು ಬಿಚ್ಚಿ ಅದಕ್ಕೊಂದು ಕೊಂಡಿ ಮಾಡಿದೆ. ಒಮ್ಮೆ ಬಿದ್ದ ಕೊಂಡಿಯನ್ನು ಕೈಯಿಂದ ಎತ್ತುವವರೆಗೂ ಗಂಟೆ ನಿಲ್ಲುತ್ತಿರಲಿಲ್ಲ. ಕೈ ನನ್ನದು, ಬುದ್ಧಿ ಅವಳದು. ಇದನ್ನು ಇವತ್ತು ಬರೆಯುವಷ್ಟು ಸಲೀಸಾಗಿ ಆವತ್ತು ಒಪ್ಪಿಕೊಂಡಿರಲಿಲ್ಲ.

ಊರಿನ ವಕೀಲರೊಬ್ಬರು ನೋಡಿ, ಇದಕ್ಕೆ ಪೇಟೆಂಟ್ ಮಾಡಿಸಬಹುದು ಎಂದರು. ಯೋಚಿಸಿ ಕಂಡುಹಿಡಿದವರ ಹೆಸರು ಸರಕಾರದ ಕಾಗದದ ಮೇಲೆ ಬರುತ್ತದೆ, ಆಮೇಲೆ ಬೇರೆ ಯಾರೂ ಅದು ತಮ್ಮದು ಅನ್ನುವಂತಿಲ್ಲ. ಅರ್ಜಿಯ ಕರಡಿನಲ್ಲಿ ಅವಳ ಹೆಸರನ್ನೇ ಬರೆಸಿದೆ. ಅಷ್ಟು ಮಾತ್ರ ನ್ಯಾಯವಾಗಿ ನಡೆದುಕೊಂಡೆ. ಅವಳ ಮನೆತನದಲ್ಲಿ ಅದುವರೆಗೆ ಯಾರದೇ ಕಾಗದವಿದ್ದರೂ ಅದರ ಮೇಲೆ ಇದ್ದದ್ದು ಹೆಬ್ಬೆಟ್ಟಿನ ಗುರುತು.

"ನಾ ಹೆಬ್ಬಟ್ಟು ಒತ್ತಂಗಿಲ್ರಿ. ಹೆಸರು ಬರಿಯಾದು ಕಲಸ್ರಿ," ಎಂದಳು.

ಮೂರು ತಿಂಗಳು ಇದ್ದಿಲಿನಿಂದ ನನ್ನ ಕೋಣೆಯ ಗೋಡೆಯ ಮೇಲೆ ತನ್ನ ಹೆಸರು ತಿದ್ದಿದಳು. ಕೊನೆಯ ಅಕ್ಷರ ಯಾವಾಗಲೂ ಕೆಳಗೆ ಜಾರುತ್ತಿತ್ತು. ಅಳಿಸಿ ಮತ್ತೆ ಬರೆಯುತ್ತಿದ್ದಳು.

ದಸರೆ ಹತ್ತಿರ ಬಂತು. ವಕೀಲರು ನನ್ನೊಬ್ಬನನ್ನೇ ಕರೆದು, ಅರ್ಜಿ ಬನ್ನಿ ಹಬ್ಬ ಮುಗಿದ ಮೇಲೆ ಹೋಗುತ್ತದೆ, ಅದು ಕಚೇರಿಗೆ ಸೇರುವ ತನಕ ಯಂತ್ರವನ್ನು ಹೊರಗಿನ ಒಬ್ಬರಿಗೂ ತೋರಿಸಬಾರದು, ತೋರಿಸಿದರೆ ಹಕ್ಕು ಹೋಗುತ್ತದೆ ಎಂದು ಎರಡೆರಡು ಸಲ ಹೇಳಿದರು. ಹೂಂ ಎಂದು ಬಂದೆ.

ಗಿರಣಿಯ ರೂಢಿ ಬೇರೆ ಇತ್ತು. ಆಯುಧ ಪೂಜೆಯ ದಿನ ಎಲ್ಲ ಉಪಕರಣಗಳನ್ನೂ ಅಂಗಳಕ್ಕೆ ತಂದು ಪೂಜೆ ಮಾಡಬೇಕು. ಪೂಜೆಯಾಗದ ಹೊಸ ಯಂತ್ರವನ್ನು ಆ ವರ್ಷ ಯಾರೂ ಮುಟ್ಟುತ್ತಿರಲಿಲ್ಲ. ಹಿಂದಿನ ದಿನ ಅವಳು ಬಂದು ಕೇಳಿದಳು.

"ನಮ್ಮ ಹಣಿಗಿನೂ ಹೊರಗ ಇಡೋದ ಹೌದಲ್ರಿ? ಪೂಜಿ ಆಗಲಾರದ ನಾ ಕೈ ಹಚ್ಚಂಗಿಲ್ಲ."

ಕೋಣೆಯ ಬಾಗಿಲು ಹಾಕಿ ಒಳಗೇ ಪೂಜೆ ಮಾಡೋಣ ಯಕ್ಕಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹೂಂ ಅನ್ನುತ್ತಿದ್ದಳು. ನಾನು ಅನ್ನಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಕಾಗದದ ಮೇಲೆ ಅವಳ ಹೆಸರು ಇರುತ್ತದೆ, ಕೊನೆಗೆ ಊರಾದರೂ ನನ್ನ ಕೈಗುಣ ನೋಡಲಿ ಎಂಬ ಹೊಟ್ಟೆಕಿಚ್ಚು ನನಗಿತ್ತು. ಒಂದು ದಿನ ತೋರಿಸಿದರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ.

"ಹೌದು, ಹೊರಗ ಇಡೋಣ," ಎಂದೆ.

ಅವಳು ಪಟ್ಟಿ ಪಟ್ಟಿಗೂ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದಳು. ಅಷ್ಟಕ್ಕೇ ಬಿಡದೆ ನಾನು ಬ್ಯಾಟರಿ ಜೋಡಿಸಿ, ಹಿಡಿ ಹತ್ತಿಯಲ್ಲಿ ಲಾಳದ ಚೂರು ಸೇರಿಸಿ ಜಾರಿಬಿಟ್ಟೆ. ಗಂಟೆ ಒದರಿತು. ಅಂಗಳದ ಜನವೆಲ್ಲ ಹೋ ಎಂದರು. ಮಾಲೀಕರ ಅತಿಥಿಯಾಗಿ ಮುಂಬೈ ಕಡೆಯ ಯಂತ್ರ ಮಾರುವ ಏಜೆಂಟನೊಬ್ಬ ಬಂದಿದ್ದ. ನನ್ನ ಹೆಗಲ ಮೇಲೆ ಕೈ ಹಾಕಿ, ಒಳಗೆ ಹೇಗೆ ಕೆಲಸ ಮಾಡುತ್ತದೆ ಉಸ್ತಾದ್ ಎಂದ. ಆ ಉಸ್ತಾದ್ ಎಂಬ ಒಂದು ಮಾತಿಗೆ ನಾನು ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಕೊಂಡಿಯ ಸಮೇತ ಎಲ್ಲ ಬರೆದು ತೋರಿಸಿದೆ. ಅವಳು ಪಕ್ಕದಲ್ಲೇ ನಿಂತು ನಗುತ್ತಿದ್ದಳು.

ಅರ್ಜಿ ಹೋಗಲಿಲ್ಲ. ಯಾರಿಗೂ ತೋರಿಸಿಲ್ಲ ತಾನೆ ಎಂದು ವಕೀಲರು ಕೇಳಿದಾಗ ನಾನು ತಲೆ ತಗ್ಗಿಸಿದೆ, ಅವರು ಕಡತ ಕಟ್ಟಿಟ್ಟರು. ಅವಳಿಗೆ ಮಾತ್ರ ಸಹಿ ಮಾಡುವ ಕಾಗದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಒಂದು ವರ್ಷ ದೂಡಿದೆ. ಮುಂದಿನ ಹಂಗಾಮಿಗೆ ಗಿರಣಿಗೆ ಆ ಏಜೆಂಟನ ಕಂಪನಿಯ ಯಂತ್ರಗಳ ಪಟ್ಟಿಯ ಪುಸ್ತಕ ಬಂತು. ಅದರಲ್ಲಿ ಹಿತ್ತಾಳೆ ಪಟ್ಟಿ, ಕೊಂಡಿ, ಗಂಟೆಯ ಚಿತ್ರ, ಕೆಳಗೆ ಪೇಟೆಂಟ್ ಎಂಬ ಪದ. ಅಂಗಳದಲ್ಲಿ ಕಂಡದ್ದನ್ನು ಮುಚ್ಚಿಟ್ಟು ಅವನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅವಳಿಗೆ ಆ ಪದ ಓದಲು ಬರುತ್ತಿರಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟಳು.

"ಇದು ನಮ್ಮ ಹಣಿಗಿ ಅಲ್ಲೇನ್ರಿ?"

ಕಾನೂನು ಹೀಗಿದೆ, ಮೊದಲೇ ಜನ ನೋಡಿದರೆ ಹಕ್ಕು ಉಳಿಯುವುದಿಲ್ಲ, ಪೂಜೆಯ ದಿನ ಎಲ್ಲರೂ ನೋಡಿದರಲ್ಲ ಎಂದು ವಿವರಿಸಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಈ ಕಾನೂನು ನಿಮಗ ಯಾವಾಗ ಗೊತ್ತಾತ್ರಿ?"

"ಈಗ," ಎಂದೆ.

"ಹಂಗಾದ್ರ ನಾನ ಕೆಡಿಸಿದ್ನಿ. ಪೂಜಿ ಆಗಬೇಕು ಅಂತ ಗಂಟು ಬಿದ್ದಾಕಿ ನಾನ."

ನಾನು ಪುಸ್ತಕ ಮುಚ್ಚಿದೆ. ಅವಳು ಕೋಣೆಗೆ ಬಂದು, ಗೋಡೆಯ ಮೇಲಿದ್ದ ತನ್ನ ಹೆಸರನ್ನು ಒದ್ದೆ ಅರಿವೆಯಿಂದ ಒರೆಸಿದಳು. ಆ ಹಂಗಾಮು ಮುಗಿದ ಮೇಲೆ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ಯುದ್ಧ ಮುಗಿಯಿತು, ನಿಜಾಮರ ರಾಜ್ಯವೂ ಮುಗಿಯಿತು. ಗಂಟೆ ರಿಪೇರಿಗೆ ಯಾರು ಕರೆದರೂ ನಾನು ಹೋಗುತ್ತಿರಲಿಲ್ಲ. ಕೊನೆಗೊಂದು ದಸರೆಯಲ್ಲಿ, ಎಲ್ಲವನ್ನೂ ಹೇಳಿಬಿಡುತ್ತೇನೆಂದು ಗಟ್ಟಿಮಾಡಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಅವಳ ಹಳ್ಳಿಗೆ ನಡೆದೇ ಹೋದೆ. ಅವಳು ತಮ್ಮನ ಮನೆಯಲ್ಲಿದ್ದಳು. ತಮ್ಮನ ಸೊಸೆಗೆ ಹೊಸ ಹೊಲಿಗೆ ಯಂತ್ರ ತಂದಿದ್ದರು. ಅವತ್ತು ಅದರ ಪೂಜೆ. ನನ್ನನ್ನು ಕಂಡು ಅವಳ ಮುಖ ಅರಳಿತು.

"ಬರ್ರಿ ಮಿಸ್ತ್ರಿ, ಒಳಗ ಬರ್ರಿ. ನಿಮಗ ತೋರಿಸಿದ್ರ ಏನಿಲ್ಲ."

ಆಮೇಲೆ ಸೊಸೆಯ ಕಡೆ ತಿರುಗಿ, "ಬಾಗಲಾ ಹಾಕವ್ವಾ. ಹೊಸಾ ಯಂತ್ರ ಮಂದಿ ನೋಡಬಾರ್ದು," ಎಂದಳು.

ಸೊಸೆ ಬಾಗಿಲು ಹಾಕಿ ಅಗಳಿ ಸರಿಸಿದಳು. ಈ ಮನಿಯಾಗ ಇದೊಂದು ಪದ್ಧತಿ ಆಗ್ಯಾದ್ರಿ, ಈ ಅತ್ತಿನ ಮಾಡಿದ್ದು ಎಂದು ನಕ್ಕಳು. ಯಕ್ಕ ಮಾತ್ರ ನಗಲಿಲ್ಲ. ಯಂತ್ರಕ್ಕೆ ಕುಂಕುಮ ಹಚ್ಚಲೂ ಹೋಗಲಿಲ್ಲ, ತನ್ನ ಕೈ ತಾಗಿದರೆ ಕೆಡುತ್ತದೆ ಎಂಬಂತೆ ಗೋಡೆಗೆ ಆತು ನಿಂತಿದ್ದಳು. ಪೂಜೆ ಮುಗಿದ ಮೇಲೆ ನನಗೆ ಊಟಕ್ಕೆ ಬಡಿಸಿ ಎದುರು ಕೂತಳು.

"ಇಷ್ಟ ಬುದ್ಧಿ ಆವತ್ತ ಇದ್ದಿದ್ರ ನಿಮ್ಮ ಕೆಲಸ ಮಣ್ಣು ಪಾಲಾಗತಿದ್ದಿಲ್ಲ. ಬ್ಯಾಸಗಿ ಪೂರಾ ದುಡದ್ರಿ, ನಾ ಕೆಡಿಸಿದ್ನಿ. ತಪ್ಪಾಗ್ಯಾದ್ರಿ, ಹೊಟ್ಟ್ಯಾಗ ಹಾಕ್ಕೋರಿ."

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬಾಯಿಯವರೆಗೆ ಬಂದಿತ್ತು. ಬಾಗಿಲು ಹಾಕಿತ್ತು, ಕೇಳಲು ಹೊರಗಿನವರು ಯಾರೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇರಲಿ ಬಿಡ ಯಕ್ಕಾ, ಆಗಿದ್ದಾತು," ಎಂದೆ.

ಅವಳು ಕಣ್ಣೊರೆಸಿಕೊಂಡು ಇನ್ನೊಂದು ಹೋಳಿಗೆ ಹಾಕಿದಳು. ಅದನ್ನೂ ತಿಂದೆ. ಕ್ಷಮೆ ಕೇಳಲು ಹೋದವನು, ಅವಳನ್ನು ಕ್ಷಮಿಸಿ ಬಂದೆ.