ಒಕ್ಕಲಾಗದ ಮನೆ

ಈಗ ಯಾರೂ ಹೊಸ ಮನೆಗೆ ಒಕ್ಕಲು ಹೋಗುವುದಿಲ್ಲ, ಎಲ್ಲರೂ ಶಿಫ್ಟ್ ಆಗುತ್ತಾರೆ. ಆಲ್ಕೊಳದಲ್ಲಿ ನಮ್ಮ ಪಕ್ಕದ ಮನೆಯ ದಾಕ್ಷಾಯಣಮ್ಮನಿಗೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿ. ಶಿಫ್ಟ್ ಆಗುವುದು ಬೀರು, ಮಂಚ. ಗಂಡ ಹೆಂಡತಿ ಜೊತೆಯಲ್ಲಿ ಒಳಗೆ ಕಾಲಿಟ್ಟು, ಒಲೆ ಹಚ್ಚಿ, ಹಾಲು ಉಕ್ಕಿಸಿದರೆ ಮಾತ್ರ ಒಕ್ಕಲಾದಂತೆ ಎನ್ನುತ್ತಿದ್ದರು.

ಅವರು ಬಾಳಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಆ ಸಾಲಿನವರು ಯಾರೇ ಎಲ್ಲೇ ಸ್ವಂತ ಮನೆ ಕಟ್ಟಲಿ, ಹಾಲು ಉಕ್ಕಿಸುವಾಗ ಪಕ್ಕದಲ್ಲಿ ಇವರಿರಬೇಕು. ತಮಿಳರ ಮನೆಯವರೂ ಬಂದು ಕರೆಯುತ್ತಿದ್ದರು. ಊರವರನ್ನೆಲ್ಲ ಒಕ್ಕಲು ಮಾಡಿದ ಹೆಂಗಸಿಗೆ ಸ್ವಂತ ಸೂರು ಎದ್ದದ್ದು ಗಂಡ ಓಂಕಾರಪ್ಪ ನಿವೃತ್ತರಾದ ಮೇಲೆ, ನಮ್ಮ ಪಕ್ಕದ ಸೈಟಿನಲ್ಲಿ.

ಓಂಕಾರಪ್ಪ ದಿನವೂ ಬಸ್ಸು ಹತ್ತಿ ಬಂದು ಗೋಡೆಗೆ ನೀರು ಹೊಡೆಯುತ್ತಿದ್ದರು. ಬಾಗಿಲು ಕೂರಿಸುವ ಹೊತ್ತಿಗೆ ಎದೆನೋವು ಶುರುವಾಯಿತು. ಮನೆ ಮುಗಿದಾಗ ಆಷಾಢ. ಆಸ್ಪತ್ರೆಯಿಂದ ಬಿಟ್ಟ ದಿನ ಹೆಂಡತಿಯನ್ನು ಕೇಳಿದರಂತೆ:

“ಕ್ವಾರ್ಟರ್ಸ್ ಬೇಡ ಕಣೆ. ಒಂದು ರಾತ್ರಿ ನಮ್ಮನೇಲಿ ಮಲಗ್ತೀನಿ.”

“ಒಕ್ಕಲಾಗದ ಮನೇಲಿ ಯಾರಾದ್ರೂ ಮಲಗ್ತಾರಾ? ಅದೂ ಆಷಾಢದಲ್ಲಿ. ಶ್ರಾವಣ ಬರ್ಲಿ, ಸುಮ್ನಿರಿ.”

ಸುಮ್ಮನಾದರು. ಜಗಳವಾಡಬಾರದಿತ್ತೇ ಆ ಮನುಷ್ಯ? ಕಾರ್ಖಾನೆಯಲ್ಲಿ ಮೇಲಿನವರ ಜೊತೆ ಆಡುತ್ತಿದ್ದುದರಲ್ಲಿ ಅರ್ಧ ಆಡಿದ್ದರೂ ಸಾಕಿತ್ತು. ಶ್ರಾವಣ ಇನ್ನೇನು ಬಂತು ಎನ್ನುವಾಗ ಕ್ವಾರ್ಟರ್ಸಿನಲ್ಲೇ ಕಣ್ಣು ಮುಚ್ಚಿದರು. ಭದ್ರಾವತಿಯಲ್ಲೇ ಮಣ್ಣು ಮಾಡಿದರು.

ದಾಕ್ಷಾಯಣಮ್ಮ ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಂಡನಿಗೆ ಕೇಡಾಗದಿರಲಿ ಎಂದೇ ಅವರು ಆಷಾಢ ಕಳೆಯಲಿ ಎಂದದ್ದು. ಅದನ್ನು ಅವರಿಗೆ ಎಷ್ಟು ಸಲ ಹೇಳಿದರೂ ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾರೆ.

ನಿವೃತ್ತಿಯ ಮೇಲೆ ಕೊಟ್ಟಿದ್ದ ಗಡುವು ಮುಗಿದು ಕ್ವಾರ್ಟರ್ಸ್ ಬಿಡಬೇಕಾಯಿತು. ಮಗಳು ರಶ್ಮಿ ಟೆಂಪೋದಲ್ಲಿ ಸಾಮಾನು ತಂದಿಳಿಸಿದಳು. ಸುಮ್ಮನೆ ಶಾಸ್ತ್ರಕ್ಕಾದರೂ ಹಾಲು ಉಕ್ಕಿಸೋಣ ಎಂದು ಅವಳು ಗೋಗರೆದರೂ ತಾಯಿ ಒಪ್ಪಲಿಲ್ಲ. ವರ್ಷದ ತಿಥಿ ಕಳೆದ ಮೇಲೂ ಒಪ್ಪಲಿಲ್ಲ.

ಮೊನ್ನೆ ಬೆಳಿಗ್ಗೆ ಕಾಫಿಗೆ ಕರೆದಿದ್ದರು. ಒಲೆಯ ಮೇಲೆ ಹಾಲು ಏರುತ್ತಿತ್ತು. ಕಣ್ಣು ಮಿಟುಕಿಸದೆ ನೋಡುತ್ತ ನಿಂತಿದ್ದವರು, ಇನ್ನೇನು ಅಂಚು ಮುಟ್ಟಿತು ಎನ್ನುವಾಗ ಗ್ಯಾಸ್ ಆರಿಸಿದರು. ದಿನವೂ ಹೀಗೇ ಎಂದು ರಶ್ಮಿ ಹೇಳಿದ್ದಳು, ನಾನು ನಂಬಿರಲಿಲ್ಲ.

ಒಂದು ಸಲ ಉಕ್ಕಲಿ ಬಿಡಿ ಅಕ್ಕಾ, ನಿಮ್ಮದೇ ಮನೆ ಎಂದೆ.

ಹಾಲು ಇಳಿಯುವುದನ್ನೇ ನೋಡುತ್ತಿದ್ದರು.

“ನಾನು ಇಲ್ಲಿಗೆ ಶಿಫ್ಟ್ ಆಗಿದೀನಿ, ಅಷ್ಟೆ ಮಾರಾಯ್ತಿ” ಎಂದರು.