ನೂರು ಡಬ್ಬಿಯ ಮೇಜು

ನನ್ನ ಗಂಡ ಬಣ್ಣದ ಕಾರ್ಖಾನೆಯಲ್ಲಿ ಆಪರೇಟರ್ ಆಗಿ ಇಪ್ಪತ್ತೆರಡು ವರ್ಷ ದುಡಿದರು. ಅಲ್ಲಿ ಒಂದು ಯಂತ್ರ ಡಬ್ಬಿಗೆ ಬಣ್ಣ ತುಂಬುತ್ತದೆ, ಮುಂದಿನದು ಮುಚ್ಚಳ ಒತ್ತುತ್ತದೆ. ನಡುವೆ ಉದ್ದನೆಯ ಮೇಜು. ತುಂಬಿದ ಡಬ್ಬಿಗಳು ಅದರ ಮೇಲೆ ಕಾಯುತ್ತವೆ. ಮುಚ್ಚಳದ ಯಂತ್ರ ಚುರುಕು, ಆದರೆ ದಿನಕ್ಕೆ ನಾಲ್ಕೈದು ಸಲ ಮುಚ್ಚಳ ಸಿಕ್ಕಿಕೊಂಡು ನಿಲ್ಲುತ್ತದೆ. ಬಿಡಿಸಲು ಎಂಟು ನಿಮಿಷ. ಅಷ್ಟರಲ್ಲಿ ನಿಮಿಷಕ್ಕೆ ಹನ್ನೆರಡರಂತೆ ತೊಂಬತ್ತಾರು ಡಬ್ಬಿ ಬಂದು ಸೇರುತ್ತವೆ. ಮೇಜಿನಲ್ಲಿ ನೂರಕ್ಕೆ ಜಾಗ ಇರಲಿ ಎಂದವರು ಇವರೇ.

ಆಮೇಲೆ ಹೊಸ ಮ್ಯಾನೇಜರ್ ಬಂದ. ಕೊರಳಲ್ಲಿ ಸ್ಟಾಪ್‌ವಾಚ್. ಕೆಲಸಗಾರರು ಗಡಿಯಾರಪ್ಪ ಎಂದು ಕರೆದರು. ಒಂದು ಮಧ್ಯಾಹ್ನ ಅರ್ಧ ಗಂಟೆ ನಿಂತು ನೋಡಿದ. ಆ ಅರ್ಧ ಗಂಟೆ ಯಂತ್ರ ನಿಲ್ಲಲಿಲ್ಲ. ಮಹಾಶಯನಿಗೆ ಅಷ್ಟೇ ಸಾಕಾಯಿತು. ಗಂಟೆಗೆ ಏಳುನೂರ ಇಪ್ಪತ್ತು ಎಂದು ಬರೆದುಕೊಂಡ. ನಿಂತ ಡಬ್ಬಿ ದಂಡ ಎಂದು ಮೇಜನ್ನು ಇಪ್ಪತ್ತು ಡಬ್ಬಿಯಷ್ಟಕ್ಕೆ ಕೊಯ್ಯಿಸಿದ.

ಅಂದು ಮನೆಯಲ್ಲಿ ಇವರು ತಟ್ಟೆ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ.

"ಯಾರೋ ಬಾಗಿಲು ಬಡಿದ್ರು, ನೀನು ಹೋದೆ ಅಂದ್ಕೋ. ತೊಳೆದ ತಟ್ಟೆ ನಾನು ಎಲ್ಲಿಡ್ಲಿ?"

"ನಿಮ್ಮ ಗಡಿಯಾರಪ್ಪನ ತಲೆ ಮೇಲಿಡಿ. ಒಳಗೂ ಬೇಕಾದಷ್ಟು ಜಾಗ ಇದೆ."

ನಕ್ಕರು. ಆಮೇಲೆ ನಗಲಿಲ್ಲ. ಮುಚ್ಚಳ ಸಿಕ್ಕಿಕೊಂಡರೆ ಎರಡು ನಿಮಿಷದೊಳಗೆ ಮೇಜು ತುಂಬಿ, ಬಣ್ಣ ತುಂಬುವ ಯಂತ್ರವೂ ನಿಲ್ಲುತ್ತಿತ್ತು. ಏಳುನೂರ ಇಪ್ಪತ್ತು ಕಾಗದದಲ್ಲೇ ಉಳಿಯಿತು. ಗಡಿಯಾರಪ್ಪ ತನ್ನ ಲೆಕ್ಕ ತಿರುಗಿ ನೋಡಲಿಲ್ಲ. "ಆಪರೇಟರನ ಆಲಸ್ಯ" ಎಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ. ಇವರು ಅದರ ಮುಂದೆಯೇ ಏಳು ತಿಂಗಳು ಓಡಾಡಿದರು. ಒಂದು ದಿನ ಎದೆನೋವು ಬಂತು, ಹೋಗಿಬಿಟ್ಟರು.

ಮೂರೇ ವಾರಕ್ಕೆ ಮೇಜು ಮತ್ತೆ ಉದ್ದವಾಯಿತು. ಸದ್ದಿಲ್ಲದೆ.

ಆಮೇಲೆ ಗಡಿಯಾರಪ್ಪ ಮನೆಗೆ ಬಂದ, ನನ್ನನ್ನು ಸಮಾಧಾನ ಮಾಡಲಂತೆ. ಅದೇ ಕಾರ್ಖಾನೆಯಲ್ಲಿರುವ ನನ್ನ ಮೈದುನನೂ ಮನೆಯಲ್ಲಿದ್ದ.

"ಅಂಥಾ ಕೆಲಸಗಾರ ಸಿಗಲ್ಲಮ್ಮ."

"ಮತ್ತೆ ಆಲಸ್ಯ ಅಂತ ಬರೆದೋರು ಯಾರು? ನಮ್ಮನೆ ಬೆಕ್ಕಾ?"

"ಅದು... ಆ ಫೈಲು ಮುಚ್ಚಿಹೋಗಿದೆ."

"ಮೇಜು ಬೆಳೀತಲ್ಲ ಸಾರ್," ಎಂದ ಮೈದುನ. "ಫೈಲು ತೆಗೆಯೋಕೇನು ದಾಡಿ?"

ಕಾಗದ, ಪೆನ್ನು ಮುಂದಿಟ್ಟೆ. ಬರೆದ. ನಾನು ಅಕ್ಷರ ಕೂಡಿಸಿ ಓದಿದೆ: ಕೆಲಸ ನಿಂತದ್ದು ಬಹುಶಃ ಮೇಜು ಚಿಕ್ಕದಾದ್ದರಿಂದ.

"ಬಹುಶಃ ಹೊಡೆದುಹಾಕಿ. ಆಪರೇಟರ್ ತಪ್ಪಲ್ಲ ಅಂತ ಸೇರಿಸಿ."

ಹೊಡೆದುಹಾಕಿದ. ಸೇರಿಸಿದ. ಸಹಿ ಮಾಡಿ, ಕೊಟ್ಟ ನೀರೂ ಕುಡಿಯದೆ ಎದ್ದು ಹೋದ.

ಮರುದಿನ ಮೈದುನ ಅದನ್ನು ಬೋರ್ಡಿಗೆ ಅಂಟಿಸಿದ. ನಿಂತು ಓದಿದವರೆಲ್ಲ ವಿಷಯ ಮೊದಲೇ ಗೊತ್ತಿದ್ದವರು. ಓದಿ ಹಗುರಾಗಬೇಕಿದ್ದವರು ಮಾತ್ರ ಇಲ್ಲ.